ದಾರಿಯನ್ನು ಗುಡಿಸಿದ ಹಡಗು

2023ನೆಯ ಇಸವಿ ಜೂನ್ 16ನೆಯ ತಾರೀಖು ಬೆಳಗಿನ ಹೊತ್ತು ನಮ್ಮ ಚಳ್ಳಕೆರೆಯ ವರವು ಕಾವಲಿನ ವಿಮಾನ ಪರೀಕ್ಷಾ ನೆಲೆಯಿಂದ ಚಾಲಕನಿಲ್ಲದ ವಿಮಾನವೊಂದು ಮೇಲೆದ್ದು ಪಡುವಣ ದಿಕ್ಕಿಗೆ ಹೊರಟಿತು. ತಪಸ್ ಎಂದು ಅದರ ಹೆಸರು. ಕಾರವಾರದ ನೌಕಾನೆಲೆಯು ಅಲ್ಲಿಂದ 285 ಕಿಲೋಮೀಟರು ದೂರ. ಆ ನೆಲೆಯಿಂದಲೂ 148 ಕಿಲೋಮೀಟರು ಆಚೆ ಕಡಲಿನಲ್ಲಿದ್ದ ಸುಭದ್ರಾ ಎಂಬ ನೌಕೆಯವರು ಅದರ ಹಿಡಿತವನ್ನು ತಮ್ಮ ಕೈಗೆ ತೆಗೆದುಕೊಂಡು, ಕೆಲವು ಹೊತ್ತು ನಡೆಸಿ, ಮತ್ತೆ ನೆಲದವರಿಗೆ ಒಪ್ಪಿಸಿದರು. ವಿಮಾನವು ಹಿಂದಿರುಗಿ ಚಳ್ಳಕೆರೆಯಲ್ಲಿಯೇ ಇಳಿಯಿತು. ಮೋಡದ ಮುಖವನ್ನು ನೋಡಿ ನಿಟ್ಟುಸಿರು ಬಿಡುವ ಈ ಬಯಲು ಸೀಮೆಗೂ ಪಡುಗಡಲಿಗೂ ಅಂದು ಒಂದು ನಂಟು ಏರ್ಪಟ್ಟಿತೆಂದು ನಾವು ತಿಳಿದಿರುವೆವು.

ಈ ಮಾತನ್ನು ಮೊದಲಿಗೇ ಹೇಳಲು ಕಾರಣವಿದೆ. ಇಂದು ನಾವು ಬರೆಯಹೊರಟಿರುವುದು ಒಂದು ಹಡಗಿನ ಚರಿತ್ರೆಯನ್ನು. ಚಳ್ಳಕೆರೆ ಮೊಳಕಾಲ್ಮೂರುಗಳ ಪತ್ರಿಕೆಗೆ ಹಡಗಿನ ಗೊಡವೆ ಏಕೆ, ಕುಡಿಯುವ ನೀರಿನ ವಿಚಾರವನ್ನು ಬರೆಯಬಾರದೆ, ಎಂದು ಕೆಲವರು ವಾಚಕರು ಕೇಳಬಹುದು. ಆ ವಿಚಾರವನ್ನು ನಾವು ಬರೆಯದ ವಾರವಿಲ್ಲ. ಆದರೆ ದೇಶರಕ್ಷಣೆಗಾಗಿ ಈ ತಾಲ್ಲೂಕು ತೆತ್ತಿರುವ ಬೆಲೆಯನ್ನೂ ಅವರು ನೆನೆಯಬೇಕು. ಅಮೃತಮಹಲ್ ದನಗಳಿಗೆಂದು ಹಿಂದಿನ ಅರಸರು ಮೀಸಲಿಟ್ಟಿದ್ದ ಕಾವಲುಗಳಲ್ಲಿ ಸಾವಿರಾರು ಎಕರೆ ಹುಲ್ಲುಗಾವಲು ಈಗ ಬೇಲಿಯೊಳಗಿದೆ. ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದು ಜೀವಿಸುವ ನಮ್ಮ ಕುರುಬರು, ದನ ಕಟ್ಟಿದ ನಮ್ಮ ರೈತರು, ಆ ಬೇಲಿಯ ಹೊರಗೆ ನಿಂತಿರುವರು. ಹೀಗೆ ನೆಲವನ್ನು ಕೊಟ್ಟವರಿಗೆ, ದೇಶದ ರಕ್ಷಣೆಯು ಸರಿಯಾಗಿ ನಡೆಯುತ್ತಿದೆಯೆ, ಅದರಲ್ಲಿ ಎಲ್ಲಿಯಾದರೂ ಬಿರುಕು ಬಿಟ್ಟಿದೆಯೆ ಎಂದು ಕೇಳುವ ಅಧಿಕಾರವಿಲ್ಲವೆ? ಆ ಅಧಿಕಾರದಿಂದಲೇ ನಾವು ಕೇಳುತ್ತಿರುವೆವು.

ಸಮುದ್ರದ ನೀರಿನಲ್ಲಿ ಹುದುಗಿಸಿಡುವ ಸ್ಫೋಟಕಕ್ಕೆ ಮೈನು ಎಂದು ಹೆಸರು. ಇದು ಅಗ್ಗದ ಆಯುಧ, ಕಾಯುವ ಆಯುಧ, ಹಾಕಿದವನು ಮನೆ ಸೇರಿ ಮಲಗಿದ ಮೇಲೆಯೂ ಕೆಲಸ ಮಾಡುವ ಆಯುಧ. ಕೆಲವು ಮೈನುಗಳನ್ನು ಸರಪಣಿಯಿಂದ ತಳಕ್ಕೆ ಕಟ್ಟಿ ನೀರಿನ ಮಟ್ಟಕ್ಕೆ ತುಸು ಕೆಳಗೆ ತೇಲಬಿಡುವರು. ಹಡಗು ತಗುಲಿದರೆ ಸಿಡಿಯುವುದು. ಕೆಲವು ತಳದ ಕೆಸರಿನಲ್ಲಿಯೇ ಮಲಗಿದ್ದು, ಮೇಲೆ ಹಾಯುವ ಕಬ್ಬಿಣದ ಒಡಲಿನ ಕಾಂತಶಕ್ತಿಗೋ ಯಂತ್ರದ ಸದ್ದಿಗೋ ಎಚ್ಚತ್ತು ಸಿಡಿಯುವುವು. ಮೊದಲನೆಯ ಹಡಗನ್ನೂ ಎರಡನೆಯದನ್ನೂ ಸುಮ್ಮನೆ ಹೋಗಗೊಟ್ಟು, ಎಣಿಕೆ ಮಾಡಿ, ಮೂರನೆಯದನ್ನು ಹಿಡಿಯುವ ಜಾತಿಯೂ ಉಂಟು. ಲಕ್ಷಗಳ ಬೆಲೆಯ ಒಂದು ಮೈನಿನಿಂದ ಸಾವಿರ ಕೋಟಿಯ ಹಡಗು ತಳ ಸೇರಬಹುದು. ಹಾಗೆ ಸೇರದಿದ್ದರೂ, ಮೈನು ಇದೆಯಂತೆ ಎಂಬ ಮಾತು ಹಬ್ಬಿದರೆ ಸಾಕು, ಬಂದರಿನ ಬಾಗಿಲು ಮುಚ್ಚಿದಂತೆಯೇ ಸರಿ.

ಈ ದಾರಿಯನ್ನು ಗುಡಿಸುವ ಹಡಗಿಗೆ ಮೈನ್‌ಸ್ವೀಪರ್ ಎನ್ನುವರು. ಅದು ತನ್ನ ಹಿಂದೆ ಉದ್ದವಾದ ಉಕ್ಕಿನ ಹಗ್ಗವನ್ನು ಎಳೆದುಕೊಂಡು ಹೋಗುವುದು. ಹಗ್ಗಕ್ಕೆ ಹಾಕಿದ ಕತ್ತರಿಗಳು ಮೈನಿನ ಕಟ್ಟನ್ನು ಕಡಿದಾಗ ಮೈನು ಮೇಲಕ್ಕೆ ತೇಲಿ ಬರುವುದು. ನಾವಿಕರು ದೂರದಿಂದ ಗುಂಡು ಹೊಡೆದು ಅದನ್ನು ಕೆಡಿಸುವರು. ಕಾಂತದ ಮೈನಿಗಾದರೆ ವಿದ್ಯುತ್ತು ಹರಿಯುವ ತಂತಿಯನ್ನೂ, ಸದ್ದಿನ ಮೈನಿಗಾದರೆ ಸದ್ದು ಮಾಡುವ ಯಂತ್ರವನ್ನೂ ಎಳೆದು, ದೊಡ್ಡ ಹಡಗು ಬಂದಿತೆಂಬ ಭ್ರಾಂತಿಯನ್ನು ಹುಟ್ಟಿಸಿ ಸಿಡಿಸುವರು. ಹೇಳಲು ಸುಲಭ. ಆದರೆ ಇತರ ಹಡಗುಗಳೆಲ್ಲ ಯಾವ ನೀರಿಗೆ ಹೋಗಲು ಹೆದರಿ ಲಂಗರು ಹಾಕಿ ನಿಂತಿರುವುವೋ ಆ ನೀರಿಗೆ ಮೊದಲು ಹೋಗತಕ್ಕದ್ದು ಈ ಚಿಕ್ಕ ಹಡಗೇ ಎಂಬುದನ್ನು ಮರೆಯಬಾರದು.

ನಮ್ಮ ಪಡುಗಡಲಿಗೆ ಈ ಭಯವು ಹೊಸದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ವುಲ್ಫ್ ಎಂಬ ಜರ್ಮನ್ ಹಡಗು ಕಳ್ಳನಂತೆ ಬಂದು ಕೊಲಂಬೋ ಮತ್ತು ಬೊಂಬಾಯಿಗಳ ಹೊರಗೆ ಮೈನುಗಳನ್ನು ಬಿತ್ತಿ ಹೋಯಿತು. 1917ನೆಯ ಜೂನ್ ತಿಂಗಳಲ್ಲಿ ಮಂಗೋಲಿಯಾ ಎಂಬ ಪ್ರಯಾಣಿಕರ ಹಡಗು ಬೊಂಬಾಯಿಯ ಬಳಿ ಅವುಗಳಲ್ಲೊಂದಕ್ಕೆ ತಗುಲಿ ಮುಳುಗಿತು. ಬಿತ್ತಿದವನು ತಿಂಗಳುಗಳ ಹಿಂದೆಯೇ ಬೇರೆ ಸಮುದ್ರಕ್ಕೆ ಹೋಗಿದ್ದನು. ಬೆಳೆ ಮಾತ್ರ ಇಲ್ಲಿ ಬಂದಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಂದಿನ ರಾಯಲ್ ಇಂಡಿಯನ್ ನೇವಿಯವರು ಇಂತಹ ಹಡಗುಗಳನ್ನು ಕೂಡಿಸಿಕೊಂಡರು. ಅವುಗಳಿಗೆ ನಮ್ಮ ಪ್ರಾಂತಗಳ ಹೆಸರುಗಳು: ಬೆಂಗಾಲ್, ಬಿಹಾರ್, ಒರಿಸ್ಸಾ, ಕೊಂಕಣ್, ಕರ್ನಾಟಿಕ್. ಇವುಗಳಲ್ಲಿ ಲೋಕಕ್ಕೆ ಗೊತ್ತಿರುವುದು ಬೆಂಗಾಲ್ ಒಂದೇ. 1942ನೆಯ ನವೆಂಬರ್ 11ರಂದು ಒಂಡಿನಾ ಎಂಬ ಡಚ್ಚರ ಎಣ್ಣೆಯ ಹಡಗಿಗೆ ಕಾವಲಾಗಿ ಹಿಂದೂ ಮಹಾಸಾಗರದಲ್ಲಿ ಹೋಗುತ್ತಿದ್ದಾಗ, ತನ್ನ ಹತ್ತುಪಟ್ಟಿಗೂ ಮೀರಿದ ಗಾತ್ರದ ಎರಡು ಜಪಾನೀ ಹಡಗುಗಳು ಎದುರಾದುವು. ಬೆಂಗಾಲಿನಲ್ಲಿದ್ದ ದೊಡ್ಡ ಫಿರಂಗಿ ಒಂದೇ. ಅದು ಓಡದೆ ಎದುರಿಗೆ ನುಗ್ಗಿತು; ಒಂಡಿನಾ ಸಹ ಗುಂಡು ಹಾರಿಸಿತು; ಶತ್ರುವಿನ ಹೋಕೋಕು ಮಾರು ಸಿಡಿದು ಮುಳುಗಿತು; ಇವೆರಡೂ ಗಾಯಗೊಂಡು ಉಳಿದುವು. ಸ್ತುತ್ಯವಾದ ಸಾಹಸವೇ ಸರಿ. ಆದರೆ ಗಮನಿಸಬೇಕಾದ ಸಂಗತಿ ಏನೆಂದರೆ, ಫಿರಂಗಿ ಹಾರಿಸಿದ ದಿನ ಈ ಹಡಗು ಚರಿತ್ರೆಗೆ ಸೇರಿತು. ಅದರ ಜೊತೆಯವು ವರ್ಷಗಟ್ಟಲೆ ಬಂದರುಗಳ ಬಾಯನ್ನು ಗುಡಿಸಿದ ದಿನಗಳು ಯಾವ ಲೆಕ್ಕಕ್ಕೂ ಬರಲಿಲ್ಲ. 1947ರಲ್ಲಿ ದೇಶವು ಇಬ್ಭಾಗವಾದಾಗ ನಮ್ಮ ಪಾಲಿಗೆ ಬಂದ ನೌಕೆಗಳಲ್ಲಿ ಇಂತಹವು 12 ಇದ್ದುವು. ನಮ್ಮ ಸ್ವತಂತ್ರ ನೌಕಾದಳದ ಬುಡದಲ್ಲಿರುವುದು ಈ ಬಡ ಹಡಗುಗಳೇ.

ಇನ್ನು ನಾವು ಹೇಳಬೇಕೆಂದಿರುವ ಹಡಗಿಗೆ ಬರೋಣ. ಕೊರಿಯಾ ಯುದ್ಧದಲ್ಲಿ, 1950ನೆಯ ಅಕ್ಟೋಬರ್ ತಿಂಗಳಲ್ಲಿ, ವೊನ್ಸಾನ್ ಎಂಬ ಬಂದರಿನ ಮುಂದೆ ಹಾಕಿದ್ದ ಸುಮಾರು 3000 ಮೈನುಗಳು ಅಮೆರಿಕದ ಭಾರಿ ನೌಕಾಬಲವನ್ನು ದಿನಗಟ್ಟಲೆ ಹೊರಗೇ ತಡೆದು ನಿಲ್ಲಿಸಿದುವು. ಗುಡಿಸಲು ಹೋದ ಎರಡು ಅಮೆರಿಕನ್ ಹಡಗುಗಳು ಒಂದೇ ದಿನ ಮುಳುಗಿದುವು. ಪ್ರಪಂಚದ ನೌಕಾದಳಗಳೆಲ್ಲ ಬೆಚ್ಚಿದುವು. ಆ ಕಾಲದಲ್ಲಿ ಬ್ರಿಟಿಷರು ನೂರಕ್ಕೂ ಮಿಕ್ಕು ಕರಾವಳಿ ಮೈನ್‌ಸ್ವೀಪರುಗಳನ್ನು ಕಟ್ಟಿಸಿದರು. ಕಾಂತದ ಮೈನು ಎಚ್ಚರಗೊಳ್ಳದಿರಲೆಂದು ಅವುಗಳ ಒಡಲನ್ನು ಅಲ್ಯುಮಿನಿಯಮಿನ ಚೌಕಟ್ಟಿನ ಮೇಲೆ ಮಹಾಗನಿ ಮರದ ಹಲಗೆಗಳಿಂದ ಮಾಡಿದ್ದರು. ಉದ್ದ ಸುಮಾರು 46 ಮೀಟರು. ತೂಕ 400 ಟನ್ನಿನ ಆಸುಪಾಸು. ಉಕ್ಕಿನ ಯುಗದಲ್ಲಿ ಮರದ ಹಡಗು! ಅವುಗಳಲ್ಲಿ ನಾಲ್ಕನ್ನು 1956ರಲ್ಲಿ ಭಾರತವು ಪಡೆದು, ಕಣ್ಣನೂರು, ಕಡಲೂರು, ಕಾಕಿನಾಡ, ಕಾರವಾರ ಎಂದು ನಮ್ಮ ಸಣ್ಣ ಬಂದರುಗಳ ಹೆಸರನ್ನಿಟ್ಟಿತು. ಓವರ್ಟನ್ ಎಂಬ ಆಂಗ್ಲ ಹಳ್ಳಿಯ ಹೆಸರಿನಲ್ಲಿ ಹುಟ್ಟಿದ ಹಡಗು ಹೀಗೆ ನಮ್ಮ ಕಾರವಾರವಾಯಿತು.

1956 ಎಂದೊಡನೆ ಕನ್ನಡಿಗರಿಗೆ ಬೇರೊಂದು ನೆನಪೂ ಬರತಕ್ಕದ್ದು. ಅದೇ ವರ್ಷದ ನವೆಂಬರ್ 1ನೆಯ ತಾರೀಖು ಕಾರವಾರವು ಬೊಂಬಾಯಿ ರಾಜ್ಯದಿಂದ ಬಿಡುಗಡೆ ಹೊಂದಿ ಕನ್ನಡ ನಾಡಿನೊಡನೆ ಕೂಡಿತು. ಊರು ತಾಯಿಯ ಮನೆಗೆ ಬಂದ ವರ್ಷವೇ ಊರಿನ ಹೆಸರು ಭಾರತದ ನೌಕಾದಳವನ್ನು ಸೇರಿತು.

ಐದು ವರ್ಷಗಳಲ್ಲಿ ಆ ಹಡಗಿಗೆ ತನ್ನ ಹೆಸರಿನ ಊರಿನ ಹತ್ತಿರವೇ ಕೆಲಸ ಬಿದ್ದಿತು. ಕಾರವಾರದ ದಂಡೆಯಿಂದ ಕಣ್ಣಿಗೆ ಕಾಣುವ ಅಂಜದೀವವು ಆಗ ಪೋರ್ಚುಗೀಸರ ವಶದಲ್ಲಿತ್ತು. 1961ನೆಯ ನವೆಂಬರ್ 17ರಂದು ಆ ದ್ವೀಪದಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಅದೇ ತಿಂಗಳು ಒಬ್ಬ ಬಡ ಮೀನುಗಾರನು ಗುಂಡಿಗೆ ಬಲಿಯಾದನು. ಹದಿನಾಲ್ಕು ವರ್ಷಗಳ ಸ್ವಾತಂತ್ರ್ಯದ ಮೇಲೆಯೂ ನಮ್ಮ ಕಡಲಿನಲ್ಲಿ ನಮ್ಮವನು ಬಲೆ ಬೀಸಿದರೆ ಪರದೇಶದವನು ಗುಂಡಿಕ್ಕುವ ಸ್ಥಿತಿ! ಡಿಸೆಂಬರ್ 18ರಂದು ವಿಜಯ ಕಾರ್ಯಾಚರಣೆ ಆರಂಭವಾಯಿತು. ಮೈಸೂರು ಮತ್ತು ತ್ರಿಶೂಲ್ ನೌಕೆಗಳ ಬೆಂಬಲದಿಂದ ನಾವಿಕರು ಅಂಜದೀವದಲ್ಲಿ ಇಳಿದರು. ಶರಣಾಗತಿಯ ಬಿಳಿಯ ಬಾವುಟವನ್ನು ನಂಬಿ ಮುಂದುವರಿದವರ ಮೇಲೆ ಗುಂಡು ಬಿದ್ದು ಏಳು ಮಂದಿ ನಾವಿಕರು ವೀರಸ್ವರ್ಗವನ್ನು ಸೇರಿದರು. ಮರ್ಮಗೋವಾದಲ್ಲಿ ಬೇತ್ವಾ, ಬಿಯಾಸ್ ಮತ್ತು ಕಾವೇರಿ ನೌಕೆಗಳು ಪೋರ್ಚುಗೀಸರ ಯುದ್ಧನೌಕೆಯನ್ನು ಅಡಗಿಸಿದುವು. ಮಾರನೆಯ ದಿನ ಗೋವೆಯು ನಮ್ಮದಾಯಿತು.

ಈ ಕಥೆಯನ್ನು ಅನೇಕರು ಬಲ್ಲರು. ಆದರೆ ಅಂದಿನ ನೌಕಾಬಲದ ಪಟ್ಟಿಯಲ್ಲಿ ಮೈನು ಗುಡಿಸುವ ತಂಡವೆಂದು ಪ್ರತ್ಯೇಕವಾಗಿ ನಾಲ್ಕು ಹೆಸರುಗಳಿರುವುದನ್ನು ಎಷ್ಟು ಮಂದಿ ಬಲ್ಲರು? ಕಾರವಾರ, ಕಾಕಿನಾಡ, ಕಣ್ಣನೂರು, ಬಿಮ್ಲಿಪಟ್ಟಣ. ಗೆದ್ದ ಮೇಲೆ ಬರೆದ ಪುಸ್ತಕಗಳಲ್ಲಿ ಫಿರಂಗಿಯ ಹಡಗುಗಳಿಗೆ ಪುಟಗಳು. ಈ ನಾಲ್ಕಕ್ಕೆ ಒಂದು ಸಾಲು. ಇದರಲ್ಲಿ ಬರೆದವರ ದೋಷಕ್ಕಿಂತ ಲೋಕದ ಸ್ವಭಾವವೇ ಹೆಚ್ಚೆಂದು ನಾವು ಒಪ್ಪುತ್ತೇವೆ. ಮೈನು ಗುಡಿಸುವವನ ಕೆಲಸ ಸಫಲವಾದರೆ ಏನೂ ಆಗುವುದಿಲ್ಲ. ಏನೂ ಆಗದ ದಿನವನ್ನು ಯಾರು ಬರೆದಿಡುವರು?

ನಮ್ಮ ಸೀಮೆಯವರಿಗೆ ಇದು ಬೇಗನೆ ತಿಳಿಯಬೇಕು. ಕೆರೆಯ ನೀರಗಂಟಿಯನ್ನು ನೆನೆದುಕೊಳ್ಳಿರಿ. ಮಳೆಗೆ ಮುಂಚೆ ತೂಬನ್ನು ನೋಡಿ, ಏರಿಯ ಮೇಲಿನ ಇಲಿಬಿಲವನ್ನು ಮುಚ್ಚಿ, ಕೋಡಿಯ ಕಸವನ್ನು ತೆಗೆದವನನ್ನು ಊರಿನವರು ಹೊಗಳಿದ್ದುಂಟೆ? ಏರಿ ಒಡೆದ ವರ್ಷ ಮಾತ್ರ, ನೀರಗಂಟಿ ಎಲ್ಲಿ ಎಂದು ಕೂಗುವರು. ಅಷ್ಟು ಹೊತ್ತಿಗೆ ಅವನ ಮಾನ್ಯವನ್ನು ಕಿತ್ತುಕೊಂಡು, ಮಗನನ್ನು ಪಟ್ಟಣಕ್ಕೆ ಕೂಲಿಗೆ ಓಡಿಸಿ ಆಗಿರುವುದು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ. ರಾಜನು ತಾನು ಮಾಡಿಸಿದ ಕೆರೆಯ ಕೆಲಸವನ್ನು ಅದರಲ್ಲಿ ಬರೆಯಿಸಿದನು. ಅದೇ ಕದಂಬ ವಂಶದ ಹೆಸರನ್ನು ಕಾರವಾರದ ನೌಕಾನೆಲೆಗೆ ಇಟ್ಟಿರುವರು. ಹೆಸರನ್ನು ತೆಗೆದುಕೊಂಡವರು ಬುದ್ಧಿಯನ್ನೂ ತೆಗೆದುಕೊಳ್ಳಬೇಡವೆ?

ಏರಿ ಒಡೆದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1971ರ ಯುದ್ಧವು ಹದಿಮೂರು ದಿನಗಳಲ್ಲಿ ಮುಗಿಯಿತು. ಆದರೆ ಚಿತ್ತಗಾಂಗ್ ಬಂದರಿನ ಮೈನುಗಳನ್ನೂ ಮುಳುಗಿದ ಹಡಗುಗಳನ್ನೂ ತೆಗೆದು ದಾರಿ ಮಾಡಲು ಸೋವಿಯೆಟ್ ನೌಕಾದಳದವರು 1972ರಿಂದ 1974ರವರೆಗೆ ದುಡಿಯಬೇಕಾಯಿತು. ಹಸಿದು ಕುಳಿತಿದ್ದ ಹೊಸ ದೇಶಕ್ಕೆ ಧಾನ್ಯ ಬರಬೇಕಾದ ಬಾಗಿಲು ಅದು. ಹದಿಮೂರು ದಿನಗಳ ಯುದ್ಧ. ಎರಡು ವರ್ಷಗಳ ಗುಡಿಸಾಟ!

ಕಾರವಾರ ಎಂಬ ಹೆಸರನ್ನು ಎರಡನೆಯ ಹಡಗೊಂದು 1986ರಲ್ಲಿ ಹೊತ್ತಿತು. ಇದು ಸೋವಿಯೆಟ್ ದೇಶದಲ್ಲಿ ಕಟ್ಟಿದ್ದು, ಮೊದಲನೆಯದಕ್ಕಿಂತ ದೊಡ್ಡದು. ಅದೇ ವರ್ಷ ಕಾರವಾರದ ನೌಕಾನೆಲೆಗೆ ಅಡಿಗಲ್ಲು ಬಿದ್ದಿತು. 2005ನೆಯ ಮೇ 31ರಂದು ಕದಂಬ ನೆಲೆಯು ಕಾರ್ಯಕ್ಕೆ ಬಂದಿತು. ಅದಕ್ಕಾಗಿ ಕಾರವಾರ ಅಂಕೋಲೆಗಳ ಸಾವಿರಾರು ಕುಟುಂಬಗಳು ಮನೆ ಗದ್ದೆಗಳನ್ನು ಬಿಟ್ಟೆದ್ದರು. ಅಂದು ಗುಂಡು ಹಾರಿದ ಅಂಜದೀವವು ಇಂದು ಆ ನೆಲೆಯ ಅಲೆತಡೆಗೆ ಒಂದು ಕೊನೆಯಾಗಿದೆ. ದೇಶದ ಅತ್ಯಂತ ದೊಡ್ಡ ಹಡಗುಗಳು ಅಲ್ಲಿ ನಿಲ್ಲುವುವು. ಅವುಗಳ ಹೊರದಾರಿಯನ್ನು ಗುಡಿಸುವವರು ಯಾರು ಎಂಬ ಪ್ರಶ್ನೆ ಇಲ್ಲಿಯೇ ಏಳುವುದು.

2017ನೆಯ ಮೇ ತಿಂಗಳು ಸ್ವಾರಸ್ಯವಾದ ತಿಂಗಳು. ಆ ತಿಂಗಳ ಕೊನೆಗೆ, 28ರಂದು, ನಮ್ಮ ಚಳ್ಳಕೆರೆಯ ವಿಮಾನ ಪರೀಕ್ಷಾ ನೆಲೆಯನ್ನು ರಕ್ಷಣಾ ಸಚಿವರು ಉದ್ಘಾಟಿಸಿದರು. ಬ್ಯಾಂಡು ಬಾರಿಸಿತು, ಪತ್ರಿಕೆಗಳೆಲ್ಲ ಬರೆದುವು, ನಾವೂ ಸಂತೋಷಪಟ್ಟೆವು. ಅದೇ ತಿಂಗಳ ಮೊದಲ ಭಾಗದಲ್ಲಿ ಮುಂಬಯಿಯಲ್ಲಿ ಕಾರವಾರ ನೌಕೆಯು ಮೂವತ್ತು ವರ್ಷಗಳ ಸೇವೆಯನ್ನು ಮುಗಿಸಿ ಬಾವುಟವನ್ನು ಇಳಿಸಿತು. ಕನ್ನಡ ನಾಡಿನಲ್ಲಿ ಅದನ್ನು ಗಮನಿಸಿದವರು ವಿರಳ. ಒಂದೇ ಜಾತಿಯ 12 ಹಡಗುಗಳು ಒಂದೊಂದಾಗಿ ಹೀಗೆಯೇ ಹೋದುವು. 2019ರಲ್ಲಿ ಕೊನೆಯದಾದ ಕೋಳಿಕ್ಕೋಡ್ ಸಹ ಹೋಯಿತು. ಅಂದಿನಿಂದ ಏಳು ಸಾವಿರ ಕಿಲೋಮೀಟರಿಗೂ ಮಿಕ್ಕ ಕಡಲತೀರವುಳ್ಳ ಈ ದೇಶದಲ್ಲಿ ಮೈನು ಗುಡಿಸುವುದಕ್ಕೆಂದೇ ಕಟ್ಟಿದ ಹಡಗು ಇಲ್ಲದಂತಾಯಿತು. ಹೊಸವನ್ನು ಗೋವೆಯಲ್ಲಿ ಕಟ್ಟಲು ಕೊರಿಯಾದ ಕಂಪೆನಿಯೊಂದರೊಡನೆ ವರ್ಷಗಟ್ಟಲೆ ನಡೆದ ಮಾತುಕತೆ 2018ರಲ್ಲಿ ಮುರಿದುಬಿದ್ದಿತು. 2025ನೆಯ ಜುಲೈ ತಿಂಗಳಲ್ಲಿ ರಕ್ಷಣಾ ಸಾಮಗ್ರಿಗಳ ಮಂಡಲಿಯವರು ಇಂತಹ ಹಡಗುಗಳು ಅವಶ್ಯವೆಂದು ಒಪ್ಪಿಗೆ ಕೊಟ್ಟರು. ಒಳ್ಳೆಯದೇ. ಆದರೆ ಅವಶ್ಯವೆಂದು ಒಪ್ಪುವುದು ಬೇರೆ. ಹಡಗು ನೀರಿಗೆ ಇಳಿಯುವುದು ಬೇರೆ. ಕಾಗದಕ್ಕೆ ಮೈನು ತಗುಲುವುದಿಲ್ಲವೆಂಬುದು ದಿಟ. ಆದರೆ ಕಾಗದವು ಮೈನನ್ನು ತೆಗೆಯಲೂ ಆರದು.

ಇದಕ್ಕೆ ಸಮಾಧಾನ ಹೇಳುವವರಿಲ್ಲದೆ ಇಲ್ಲ. ಈಗ ಕಾಲ ಬದಲಾಯಿತು, ಮನುಷ್ಯರಿಲ್ಲದ ಯಂತ್ರಗಳೇ ನೀರಿನಡಿಗೆ ಹೋಗಿ ಮೈನನ್ನು ಹುಡುಕಿ ಕೆಡಿಸುವುವು, ಹಳೆಯ ಹಡಗುಗಳಿಗಾಗಿ ಏಕೆ ಅಳಬೇಕು, ಎನ್ನುವರು. ಚಾಲಕನಿಲ್ಲದ ವಿಮಾನವನ್ನು ಮನೆಯಂಗಳದಿಂದಲೇ ನೋಡುವ ನಾವು ಯಂತ್ರಗಳ ಮೇಲೆ ಹಗೆಯುಳ್ಳವರಲ್ಲ. ಮರದ ಒಡಲಿನ ಹಡಗೇ ಬೇಕೆಂದು ಹಟ ಹಿಡಿಯುವವರೂ ಅಲ್ಲ. ಆದರೆ ಯಂತ್ರವನ್ನು ಒಯ್ಯಲು ಹಡಗು ಬೇಕು; ನಡೆಸಲು ಪಳಗಿದ ಕೈ ಬೇಕು; ತಳದಲ್ಲಿ ಕಂಡದ್ದು ಕಲ್ಲೋ ಮೈನೋ ಎಂದು ತಿಳಿಯಲು, ಆ ತಳವು ನಿನ್ನೆ ಹೇಗಿತ್ತೆಂದು ಬಲ್ಲವನು ಬೇಕು. ಹಡಗುಗಳನ್ನು ಹಣದಿಂದ ಕೊಳ್ಳಬಹುದು. ಮೂವತ್ತು ವರ್ಷ ಈ ಕೆಲಸದಲ್ಲಿಯೇ ತಲೆ ನರೆತ ನಾವಿಕನ ಅನುಭವವನ್ನು ಯಾವ ಅಂಗಡಿಯಲ್ಲಿ ಕೊಳ್ಳುವಿರಿ? ಕೆಲಸವಿಲ್ಲದೆ ಹೋದ ಪ್ರತಿಯೊಂದು ವರ್ಷವೂ ಆ ವಿದ್ಯೆ ಒಂದು ಮೆಟ್ಟಿಲು ಕೆಳಗಿಳಿಯುವುದು. ಮೊಳಕಾಲ್ಮೂರಿನ ನೇಕಾರನೊಬ್ಬನು ಐದಾರು ವರ್ಷ ಮಗ್ಗವನ್ನು ಮೂಲೆಗಿಟ್ಟರೆ ಅವನ ಮಕ್ಕಳಿಗೆ ಕೈಬಂದೀತೆ? ಇದನ್ನು ನಾವು ದೆಹಲಿಯವರಿಂದ ಕಲಿಯಬೇಕಾಗಿಲ್ಲ.

ಹಣವೆಲ್ಲಿ ಎಂದೂ ಕೆಲವರು ಕೇಳುವರು. ಬರಗಾಲದ ಸೀಮೆಯಲ್ಲಿ ಹುಟ್ಟಿದ ನಮಗೆ ಒಂದು ರೂಪಾಯಿಯ ಬೆಲೆ ಗೊತ್ತು. ಆದರೆ ನಮ್ಮ ಅಡುಗೆಮನೆಯ ಗ್ಯಾಸು, ಹೊಲಕ್ಕೆ ಹಾಕುವ ಗೊಬ್ಬರ, ನಮ್ಮ ಕಡಲೆಕಾಯಿ ಎಣ್ಣೆಯ ಗಾಣಗಳನ್ನು ನಿಲ್ಲಿಸಿದ ಪರದೇಶದ ತಾಳೆ ಎಣ್ಣೆ ಸಹ, ಇವುಗಳಲ್ಲಿ ಬಹುಪಾಲು ಕಡಲ ದಾರಿಯಿಂದಲೇ ಬರುವುದು. ಮಂಗಳೂರು, ಮರ್ಮಗೋವಾ ಬಂದರುಗಳ ಬಾಯಿ ಹದಿನೈದು ದಿನ ಮುಚ್ಚಿದರೆ ಚಳ್ಳಕೆರೆಯ ಸಂತೆಯಲ್ಲಿ ಅದರ ಬಿಸಿ ತಟ್ಟದೆ ಇರದು. ಕಡಲು ನಮಗೆ ದೂರ. ಕಡಲಿನ ಕಷ್ಟ ದೂರವಲ್ಲ.

ಆದುದರಿಂದ ನಾವು ಮೂರು ಮಾತುಗಳನ್ನು ಅಧಿಕಾರಿಗಳ ಮುಂದಿಡುವೆವು. ಮೊದಲನೆಯದು, ಅವಶ್ಯವೆಂದು ಒಪ್ಪಿದ ಹಡಗುಗಳನ್ನು ಯಾವ ಕಾರ್ಖಾನೆಯಲ್ಲಿ, ಯಾವ ವರ್ಷದೊಳಗೆ ಕಟ್ಟಲಾಗುವುದೆಂಬುದನ್ನು ಸರ್ಕಾರದವರು ಪಾರ್ಲಿಮೆಂಟಿನಲ್ಲಿ ಸ್ಪಷ್ಟಪಡಿಸಬೇಕು. ಕರ್ನಾಟಕದಿಂದ ಆರಿಸಿ ಹೋದ ಸದಸ್ಯರು ಪಕ್ಷಭೇದವನ್ನು ಬಿಟ್ಟು ಈ ಪ್ರಶ್ನೆಯನ್ನು ಕೇಳಬೇಕು. ಎರಡನೆಯದು, ಈ ಕೆಲಸದಲ್ಲಿ ಪಳಗಿ ನಿವೃತ್ತರಾದ ನಾವಿಕರನ್ನು, ಅವರಿಗೆ ನೆನಪಿರುವಾಗಲೇ, ಹೊಸಬರಿಗೆ ಗುರುಗಳನ್ನಾಗಿ ಕರೆಯಬೇಕು. ಮೂರನೆಯದು ನಮ್ಮ ರಾಜ್ಯದವರಿಗೆ. ಕಾರವಾರದ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ನೌಕೆಯನ್ನು ನಿಲ್ಲಿಸಿ ಸಂಗ್ರಹಾಲಯವನ್ನು ಮಾಡಿರುವುದು ಮೆಚ್ಚತಕ್ಕದ್ದು. ಅದರ ಪಕ್ಕದಲ್ಲಿ ಕಾರವಾರವೆಂಬ ಹೆಸರನ್ನು ಹೊತ್ತ ಎರಡು ಹಡಗುಗಳ ಸೇವೆಯನ್ನು ಕನ್ನಡದಲ್ಲಿ ಕೆತ್ತಿದ ಒಂದು ಕಲ್ಲು ನಿಲ್ಲಲಿ. ಮುಂದೆ ಕಟ್ಟುವ ಹಡಗುಗಳಲ್ಲಿ ಒಂದಕ್ಕೆ ಆ ಹೆಸರು ಮತ್ತೆ ಬರಲಿ.

ಕಲ್ಲಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಿ ಮುಗಿಸುವೆವು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿರುವುದನ್ನು ರೈಸ್ ಸಾಹೇಬರು 1892ರಲ್ಲಿ ಕಂಡುಹಿಡಿದರು. ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು, ಗುರುಹಿರಿಯರನ್ನು ಸೇವಿಸಬೇಕೆಂದು ಅದರ ತಾತ್ಪರ್ಯ. ಆ ಅಶೋಕನ ಸಿಂಹಗಳೇ ಇಂದು ನಮ್ಮ ನೌಕಾದಳದ ಲಾಂಛನದಲ್ಲಿ ಲಂಗರಿನ ಮೇಲೆ ನಿಂತಿರುವುವು. ಯುದ್ಧನೌಕೆಗಳಲ್ಲಿ ಕೊಲ್ಲುವುದಕ್ಕಾಗಿ ಅಲ್ಲದೆ, ಹಿಂದೆ ಬರುವವರು ಸಾಯದಿರಲೆಂದು ಮುಂದೆ ಹೋಗುವ ಹಡಗು ಒಂದುಂಟಾದರೆ ಅದು ಮೈನ್‌ಸ್ವೀಪರು. ಆ ಸಿಂಹಗಳ ಗುರುತನ್ನು ಧರಿಸಲು ಅದಕ್ಕಿಂತ ಯೋಗ್ಯವಾದದ್ದು ಯಾವುದು? ಅಂತಹ ಹಡಗು ಒಂದೂ ಇಲ್ಲದೆ ನಾವು 2019ರಿಂದ ಕಾಲ ಕಳೆದಿರುವೆವು. ಏನೂ ಆಗಿಲ್ಲವಲ್ಲ ಎಂದು ಯಾರೂ ನೆಮ್ಮದಿಯಿಂದಿರಬಾರದು. ಏರಿ ಒಡೆಯುವ ಹಿಂದಿನ ದಿನವೂ ಊರಿನವರು ಅದನ್ನೇ ಹೇಳಿರುತ್ತಾರೆ.